ಹೊರಗಿನ ಕೋಲು, ಒಳಗಿನ ಕೋಲು

ಭದ್ರಾವತಿಯ ನ್ಯೂ ಟೌನಿನ ನಮ್ಮ ಮನೆಸಾಲಿನಲ್ಲಿ, ಭಟ್ಟರು ಮನೆಯಲ್ಲಿದ್ದಾರೋ ಇಲ್ಲವೋ ಎಂದು ಯಾರೂ ಕೂಗಿ ಕೇಳುತ್ತಿರಲಿಲ್ಲ. ಮೆಟ್ಟಿಲ ಪಕ್ಕದಲ್ಲಿ, ಚಪ್ಪಲಿ ಬಿಡುವ ಜಾಗದಲ್ಲಿ, ಗೋಡೆಗೆ ಒರಗಿಸಿದ ಕೋಲು ಕಂಡರೆ ಇದ್ದಾರೆ, ಕಾಣದಿದ್ದರೆ ಇಲ್ಲ. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡ ಮೇಲೂ ಆ ಕೋಲು ಬಹಳ ದಿನ ಅಲ್ಲೇ ಇತ್ತು. ಗ್ಯಾಸ್ ಸಿಲಿಂಡರ್ ತರುವವನು ಅದನ್ನು ನೋಡಿ, "ಭಟ್ರೇ, ಬಾಗ್ಲು ತೆಗೀರಿ, ಭಾರ ಹೊತ್ಕೊಂಡು ನಿಂತಿದೀನಿ" ಎಂದು ಕೂಗಿದ್ದನ್ನು ನಾನು ನಮ್ಮ ಮನೆಯ ಜಗಲಿಯಿಂದ ಕೇಳಿಸಿಕೊಂಡೆ. ಅವರ ಹೆಂಡತಿ ಬಂದು ಬಾಗಿಲು ತೆಗೆದರು, ಸಿಲಿಂಡರ್ ಇಳಿಸಿಕೊಂಡರು, ದುಡ್ಡು ಕೊಟ್ಟರು. ಅವನಿಗೆ ವಿಷಯ ಗೊತ್ತಿರಲಿಲ್ಲ. ಆಕೆಯೂ ಹೇಳಲಿಲ್ಲ.

ಊರಿಗೆಲ್ಲ ಅವರು ಅಡುಗೆ ಭಟ್ಟರು. ನನಗೆ ಬರೀ ಭಟ್ಟರು. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತನಾದ ನಾನು ಅವರಿಗೆ ಮೇಷ್ಟ್ರು. ಅವರ ಹೆಂಡತಿ ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ ನಾನು ಕರೆಯುವುದು ಅಕ್ಕ ಎಂದೇ. ಅವರ ಮನೆಯಲ್ಲಿ ಅಷ್ಟು ಉಂಡಿದ್ದೇನೆ.

ಭಟ್ಟರದು ದಪ್ಪ ಶರೀರ, ಸಣ್ಣ ದನಿ. ಭದ್ರಾವತಿಯ ಛತ್ರಗಳಲ್ಲಿ ಅವರು ಅಡುಗೆಗೆ ನಿಂತರೆ ಒಳಗಿನಿಂದ ಕೂಗಾಟ ಕೇಳಿಸುತ್ತಿರಲಿಲ್ಲ. ಒಮ್ಮೆ ಒಂದು ಮದುವೆಯಲ್ಲಿ ಹುಡುಗಿಯ ಸೋದರಮಾವ ಗಾಬರಿಯಿಂದ ಅಡುಗೆಮನೆ ಬಾಗಿಲಿಗೆ ಬಂದು, "ಭಟ್ರೇ, ಬೀಗರು ಎಲೆ ಮುಂದೆ ಕೂತ್ಬಿಟ್ರು! ಹುಳಿ ಎಲ್ಲಿ?" ಎಂದರು.

"ಒಲೆ ಮೇಲಿದೆ."

"ಕಳಿಸಿ ಮತ್ತೆ!"

"ಅವರು ಕೂತಿದ್ದು ಬೇಳೆಗೆ ಗೊತ್ತಾಗ್ಬೇಕಲ್ಲ ಸ್ವಾಮಿ. ಬೇಯ್ಲಿ ಬಿಡಿ" ಎಂದು ಭಟ್ಟರು ಸೌಟನ್ನು ಒಮ್ಮೆ ತಿರುಗಿಸಿ, ಅವರ ಕೈಗೆ ಒಂದು ಲೋಟ ಪಾನಕ ಕೊಟ್ಟು ಕಳಿಸಿದರು. ಸೋದರಮಾವ ಆ ಪಾನಕ ಕುಡಿಯುತ್ತಾ, ತಾನು ಯಾಕೆ ಬಂದದ್ದು ಎಂಬುದನ್ನೇ ಮರೆತವರಂತೆ ಹೋದರು. "ಬೇಯ್ಲಿ ಬಿಡಿ" ಎನ್ನುವುದು ಅವರು ಎಲ್ಲದಕ್ಕೂ ಹೇಳುವ ಮಾತು. ಮಳೆ ಬರಲಿಲ್ಲ ಎಂದರೂ ಅದೇ, ಬಸ್ಸು ತಡ ಎಂದರೂ ಅದೇ.

ಮಡಿಯ ವಿಷಯದಲ್ಲಿ ಮಾತ್ರ ಅವರಿಗೆ ಈ ನಿಧಾನ ಇರಲಿಲ್ಲ. ಬೀದಿಯ ಮಣ್ಣು ಮುಟ್ಟಿದ ಯಾವುದೂ ಅಡುಗೆಮನೆಯ ಹೊಸಿಲು ದಾಟಕೂಡದು. ತರಕಾರಿ ಚೀಲ ಹೊರಗೇ ಖಾಲಿಯಾಗಬೇಕು. ಫೋನು ಹಿಡಿದುಕೊಂಡು ಒಳಗೆ ಬಂದ ಒಬ್ಬ ದೊಡ್ಡ ಮನುಷ್ಯರನ್ನು ಅವರು, "ಅದನ್ನ ಎಲ್ಲೆಲ್ಲಿ ಇಟ್ಟಿರ್ತೀರೋ ಏನೋ, ಹೊರಗಿಟ್ಟು ಬನ್ನಿ" ಎಂದು ವಾಪಸು ಕಳಿಸಿದ್ದನ್ನು ನಾನೇ ನೋಡಿದ್ದೇನೆ.

ಅಂಥ ಅಡುಗೆಮನೆಯಲ್ಲೇ ಅವರು ಬಿದ್ದದ್ದು. ಅನ್ನ ಬಸಿಯುವಾಗ ಚೆಲ್ಲಿದ ಗಂಜಿಯ ಮೇಲೆ ಕಾಲಿಟ್ಟರು. ಸೊಂಟದ ಕೀಲು ಮುರಿಯಿತು. ಆಪರೇಷನ್ ಆಯಿತು, ಮೂಳೆ ಕೂಡಿಕೊಂಡಿತು. ಆದರೆ ಎಡಗಾಲಿಗೆ ಮಾತ್ರ ಜೀವ ಬರಲಿಲ್ಲ. ಅದು ಜೋಮು ಹಿಡಿದ ಹಾಗೆ, ಸ್ವಲ್ಪ ಗಿಡ್ಡವಾಗಿ, ಅವರ ಹಿಂದೆ ಎಳೆದುಕೊಂಡು ಬರುತ್ತಿತ್ತು. "ಈ ಕಾಲು ನಂದಲ್ಲ ಮೇಷ್ಟ್ರೇ, ಬಾಡಿಗೆಗೆ ಬಂದು ಕೂತಿದೆ. ಬಿಡೂ ಅಂದ್ರೆ ಬಿಡಲ್ಲ, ಬಾಡಿಗೇನೂ ಕೊಡಲ್ಲ" ಎನ್ನುತ್ತಿದ್ದರು.

ಕೋಲು ಬಂದದ್ದು ಆಗ. ಆದರೆ ಅದು ಬೀದಿಯಲ್ಲಿ ಊರುವ ಕೋಲು. ಅಡುಗೆಮನೆಗೆ ಅದು ಹೇಗೆ ಬಂದೀತು? ಅಡುಗೆಮನೆಗಾಗಲಿ ದೇವಸ್ಥಾನಕ್ಕಾಗಲಿ, ನಮ್ಮ ಮನೆಯ ನಡುಮನೆಗಾಗಲಿ, ಚಪ್ಪಲಿಯ ಜೊತೆಗೆ ಕೋಲನ್ನೂ ಹೊರಗೆ ಬಿಟ್ಟು ಬರುತ್ತಿದ್ದರು. ಒಳಗೆ ಬಂದ ಮೇಲೆ ಬಾಗಿಲ ಚೌಕಟ್ಟು, ಗೋಡೆ, ಕುರ್ಚಿಯ ಬೆನ್ನು, ಒಲೆಯ ಕಟ್ಟೆ, ಹೀಗೆ ಒಂದರಿಂದ ಒಂದಕ್ಕೆ ಕೈ ದಾಟಿಸುತ್ತಾ ಓಡಾಡುತ್ತಿದ್ದರು. ಹಿಡಿದುಕೊಂಡ ಹಾಗೆ ಕಾಣುತ್ತಲೇ ಇರಲಿಲ್ಲ. ಯಾವುದೋ ಪಾತ್ರೆ ಬಿಸಿಯಾಗಿದೆಯೋ ಎಂದು ಮುಟ್ಟಿ ನೋಡುವವರ ಹಾಗೆ ಕಾಣುತ್ತಿತ್ತು. ದೊಡ್ಡ ಅಡುಗೆ ನಿಂತುಹೋಗಿತ್ತು. ಮನೆಗಳಲ್ಲಿ ತಿಥಿಯ ಸಣ್ಣ ಅಡುಗೆಯನ್ನು ಹೀಗೇ ಕೆಲವು ಕಾಲ ಮಾಡಿದರು. ಆಮೇಲೆ ಅದೂ ಕೈಲಾಗಲಿಲ್ಲ.

ಸರ್ಕಾರ ಅಂಗವಿಕಲರಿಗೆ ತಿಂಗಳು ತಿಂಗಳು ಮಾಸಾಶನ ಕೊಡುತ್ತದಲ್ಲ, ಅದಕ್ಕೆ ವೈದ್ಯರ ಬೋರ್ಡಿನ ಸರ್ಟಿಫಿಕೇಟು ಬೇಕು. ಭಟ್ಟರು ಅಕ್ಕನ ಜೊತೆ ಶಿವಮೊಗ್ಗಕ್ಕೆ ಹೋಗಿ ಸರ್ಟಿಫಿಕೇಟು ತಂದರು. ಮೂರು ವರ್ಷಕ್ಕೆ ಎಂದು ಬರೆದಿತ್ತು. ಆ ಮೂರು ವರ್ಷ ಅದು ಹೇಗೋ ನಡೆಯಿತು. ಅವಧಿ ಮುಗಿದ ತಿಂಗಳೇ ಮಾಸಾಶನ ನಿಂತಿತು. ಇನ್ನೊಮ್ಮೆ ಬೋರ್ಡಿನ ಮುಂದೆ ಹೋಗಿ ತೋರಿಸಿಕೊಂಡು, ಹೊಸ ಸರ್ಟಿಫಿಕೇಟು ತಂದು ಕೊಟ್ಟು, ಅದು ಕಚೇರಿಯಿಂದ ಕಚೇರಿಗೆ ಸುತ್ತಿ ಮುಗಿಯುವವರೆಗೆ ಏನೂ ಇಲ್ಲ. ಈ ಎರಡನೆಯ ಸಲ ನಾನು ಜೊತೆಗೆ ಹೋದೆ.

ಬೋರ್ಡು ಕೂರುವ ಕಟ್ಟಡದಲ್ಲಿ ಜನವೋ ಜನ. ಗಾಲಿಕುರ್ಚಿಗಳು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ನಾನು ಜೆರಾಕ್ಸ್ ಮಾಡಿಸಲು ಹೊರಗೆ ಹೋಗಿದ್ದಾಗಲೇ ಭಟ್ಟರ ಹೆಸರು ಕೂಗಿದ್ದಾರೆ. ನಾನು ಓಡಿಬಂದಾಗ ಡಾಕ್ಟರ ಕೋಣೆಯ ಬಾಗಿಲ ಹೊರಗೆ ಅವರ ಚಪ್ಪಲಿ ಇತ್ತು. ಪಕ್ಕದಲ್ಲಿ, ಗೋಡೆಗೆ ಒರಗಿಕೊಂಡು, ಕೋಲು.

ನಾನು ಅದನ್ನು ಎತ್ತಿಕೊಂಡು ಒಳಗೆ ಕೊಡಲು ಹೊರಡುವಷ್ಟರಲ್ಲಿ ಭಟ್ಟರು ಹೊರಗೆ ಬಂದರು.

ಒಳಗಿನಿಂದ ಬಂದ ಕಾಗದದಲ್ಲಿ ಮತ್ತೆ ಮೂರು ವರ್ಷ ಎಂದೇ ಇತ್ತು. ಕಾರಣವನ್ನೂ ಬರೆದಿದ್ದರು: ಆಧಾರವಿಲ್ಲದೆ ನಡೆದು ಬಂದಿದ್ದಾರೆ, ಸುಧಾರಣೆಯ ಸಾಧ್ಯತೆ ಇದೆ.

"ಕೋಲು ಯಾಕೆ ಹೊರಗೆ ಬಿಟ್ರಿ ಮಾರಾಯ್ರೇ?"

"ಡಾಕ್ಟ್ರು ಕೂತಿರೋ ಜಾಗ ಮೇಷ್ಟ್ರೇ. ಹಾದಿ ಮೇಲಿನ ಸಗಣಿ, ಉಗುಳು ಎಲ್ಲ ಊರಿರೋ ಕೋಲು ಅದು. ಅದನ್ನ ಹಿಡ್ಕೊಂಡು ಒಳಗೆ ಹೋಗೋಕಾಗುತ್ತಾ?"

"ಮೊದಲನೇ ಸಲಾನೂ ಹೀಗೇ ಮಾಡಿದ್ರಾ?"

"ಮತ್ತೆ?" ಎಂದರು, ನಾನೇ ಏನೋ ತಿಳಿಯದವನು ಎಂಬಂತೆ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅವರಿಗೆ ಬಿಡಿಸಿ ಹೇಳಿದೆ. ನೀವು ಕೋಲಿಲ್ಲದೆ ನಡೆದು ಬಂದದ್ದನ್ನು ನೋಡಿ, ಈ ಮನುಷ್ಯನಿಗೆ ಮುಂದೆ ವಾಸಿಯಾಗುತ್ತದೆ ಎಂದುಕೊಂಡಿದ್ದಾರೆ. ಹೀಗೇ ಬಿಟ್ಟರೆ ಇನ್ನು ಮೂರು ವರ್ಷಕ್ಕೆ ಮತ್ತೆ ಇದೇ ಪಾಡು. ಭದ್ರಾವತಿಯ ಬಸ್ಸುಗಳು ಬಂದವು, ಹೋದವು. ಆಮೇಲೆ ಭಟ್ಟರು ಕೇಳಿದರು, "ಮೂರು ವರ್ಷಕ್ಕೊಂದ್ಸಲ ಬಂದು ನಾನಿನ್ನೂ ಕುಂಟನೇ ಅಂತ ಒಪ್ಪಿಸೋಕೆ ನಾನೇನು ಎಸ್ಸೆಸ್ಸೆಲ್ಸಿ ಫೇಲಾದವನಾ? ಒಂದ್ಸಲ ನೋಡ್ಲಿ. ಸರಿಯಾಗಿ ನೋಡ್ಲಿ. ಬರ್ದು ಮುಗಿಸ್ಲಿ. ಈ ಹತ್ತೋದು ಇಳಿಯೋದು ನನ್ನ ಕೈಲಾಗಲ್ಲ."

ಅವಧಿಯನ್ನು ಪ್ರಶ್ನಿಸಿ ಮೇಲ್ಮನವಿ ಕೊಡಬಹುದು ಎಂದು ಬೋರ್ಡಿನ ಗುಮಾಸ್ತರೊಬ್ಬರೇ ಹೇಳಿಕೊಟ್ಟರು. ನಾನು ಬರೆದೆ, ಭಟ್ಟರು ಸಹಿ ಹಾಕಿದರು. ಆಮೇಲೆ ಶುರುವಾಯಿತು ಓಡಾಟ. ಒಂದು ದಿನ ಮೂಳೆ ಡಾಕ್ಟರು ರಜೆ. ಇನ್ನೊಂದು ದಿನ ಡಾಕ್ಟರಿದ್ದಾರೆ, ಸರ್ವರ್ ಇಲ್ಲ. ಮತ್ತೊಂದು ದಿನ ಎಲ್ಲರೂ ಇದ್ದಾರೆ, ಫೈಲು ಮೇಲಿನ ಮಹಡಿಗೆ ಹೋಗಿದೆ. ಖಾಸಗಿ ಬಸ್ಸಿನ ಮೆಟ್ಟಿಲು ಎತ್ತರ. ಕಂಡಕ್ಟರ್ ಮೇಲಿನಿಂದ ಎಳೆಯಬೇಕು, ನಾನು ಕೆಳಗಿನಿಂದ ನೂಕಬೇಕು. "ಹುಷಾರು ಮೇಷ್ಟ್ರೇ, ತಳ ಹಿಡಿದೀತು" ಎನ್ನುತ್ತಿದ್ದರು ಭಟ್ಟರು ಮಧ್ಯದಲ್ಲಿ ನೇತಾಡುತ್ತಾ. ನಗು ಬಂದು ನನ್ನ ಕೈ ಸಡಿಲವಾಗುತ್ತಿತ್ತು.

"ಏನಾಯ್ತು ಭಟ್ರೇ ನಿಮ್ಮ ಕೆಲಸ?" ಎಂದು ನಮ್ಮ ಮನೆಸಾಲಿನಲ್ಲಿ ಯಾರಾದರೂ ಕೇಳಿದರೆ, "ಬೇಯ್ತಾ ಇದೆ" ಎನ್ನುತ್ತಿದ್ದರು. ಬರುಬರುತ್ತಾ ಆ ಮಾತಿನಲ್ಲಿದ್ದ ನಗು ಹೋಯಿತು, ಮಾತಷ್ಟೇ ಉಳಿಯಿತು.

ಹಾಗೆ ಬರಿಗೈಯಲ್ಲಿ ಹೊರಬಂದ ಒಂದು ದಿನ ಅವರು ಇದ್ದಕ್ಕಿದ್ದಂತೆ, "ತ್ಯಾವರೆಕೊಪ್ಪದ ಹುಲಿಧಾಮಕ್ಕೆ ಹೋಗೋಣ ನಡೀರಿ. ಹುಲಿಯಾದ್ರೂ ಅದರ ಜಾಗದಲ್ಲಿ ಇರುತ್ತೆ" ಎಂದರು. ನಾನೂ ಸೋತಿದ್ದೆ. ಆಟೋ ಹಿಡಿದು ಅಷ್ಟು ದೂರ ಹೋದರೆ ಗೇಟು ಮುಚ್ಚಿತ್ತು. ಅವತ್ತು ಅಲ್ಲಿ ವಾರದ ರಜೆ. ಭಟ್ಟರು ಕೋಲಿನ ಮೇಲೆ ಎರಡೂ ಕೈ ಊರಿ, ಆ ಬೀಗವನ್ನೇ ನೋಡುತ್ತಾ ನಿಂತರು.

"ಹುಲೀನೂ ಸರ್ಕಾರಿ ನೌಕರಾನೇ ಅಂತ ಮರೆತೇಬಿಟ್ಟಿದ್ದೆ" ಎಂದರು.

ಅಲ್ಲೇ ಗೂಡಂಗಡಿಯಲ್ಲಿ ಚಹಾ ಕುಡಿದೆವು. ಅದು ತೀರ ಕೆಟ್ಟದಾಗಿತ್ತು. ಸಾಮಾನ್ಯವಾಗಿ ಬೇರೆಯವರು ಮಾಡಿದ ಚಹಾಕ್ಕೆ ಒಂದು ಮಾತು ಹೇಳದೆ ಬಿಡದ ಮನುಷ್ಯ, ಅವತ್ತು ಏನೂ ಹೇಳದೆ ಕುಡಿದು ಲೋಟ ಕೆಳಗಿಟ್ಟರು. ಅವರು ಎಷ್ಟು ದಣಿದಿದ್ದಾರೆ ಎಂದು ನನಗೆ ತಿಳಿದದ್ದು ಆ ಲೋಟ ಇಟ್ಟ ರೀತಿಯಿಂದ.

ಕೊನೆಗೆ ಒಂದು ದಿನ ಮೇಲ್ಮನವಿ ವಿಚಾರಣೆಗೆ ಬನ್ನಿ ಎಂದು ಕರೆ ಬಂತು. ಹೊಸ ಬೋರ್ಡು, ಹೊಸ ಡಾಕ್ಟರುಗಳು. ಬಸ್ಸಿನಲ್ಲಿ ಉದ್ದಕ್ಕೂ ನಾನು ಒಂದೇ ಮಾತು ಹೇಳಿದೆ: ಕೋಲು ಬಿಡಬೇಡಿ. ಕಟ್ಟಡದ ಅಂಗಳದಲ್ಲಿ ಒಂದು ನಲ್ಲಿಯಿತ್ತು. ಭಟ್ಟರು ನೇರ ಅಲ್ಲಿಗೆ ಹೋಗಿ, ನಲ್ಲಿ ತಿರುಗಿಸಿ, ಕೋಲನ್ನು ಬುಡದಿಂದ ತುದಿಯವರೆಗೆ ಉಜ್ಜಿ ಉಜ್ಜಿ ತೊಳೆದರು. ಹೆಗಲ ಮೇಲಿನ ಟವೆಲಿನಿಂದ ಒರೆಸಿದರು. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು.

"ಈಗಾಯ್ತಲ್ಲ?" ಎಂದೆ.

"ಈಗ ಇದನ್ನ ನೆಲಕ್ಕೆ ಊರಂಗಿಲ್ಲ" ಎಂದರು.

ಊರಲಿಲ್ಲ. ಕೋಲನ್ನು ಕಂಕುಳಲ್ಲಿ ಎತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಗೋಡೆಯನ್ನೂ ನನ್ನ ತೋಳನ್ನೂ ಸವರುತ್ತಾ ಕೋಣೆಯೊಳಗೆ ನಡೆದರು. ಮೇಜಿನಾಚೆ ಮೂವರು ಡಾಕ್ಟರು. ನಡುವೆ ಕೂತಿದ್ದವರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಕೆ ಕೋಲನ್ನೂ ಅವರನ್ನೂ ನೋಡಿ, "ಅಜ್ಜಾ, ಕೋಲು ಇರೋದು ಎತ್ಕೊಂಡು ಬರೋಕಾ?" ಎಂದರು.

"ತೊಳೆದಿದೀನಮ್ಮ" ಎಂದರು ಭಟ್ಟರು.

ಉಳಿದಿಬ್ಬರು ಮುಸಿಮುಸಿ ನಕ್ಕರು. ನಾನು ಬಾಯಿ ಹಾಕಿ, ಇವರು ಅಡುಗೆಯವರು, ಮಡಿಯವರು, ಮೊದಲೆರಡು ಸಲವೂ ಕೋಲನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬಂದಿದ್ದರು ಎಂದು ಹೇಳಿದೆ. ಆಕೆ ನಗಲಿಲ್ಲ. "ಸರಿ, ಕೋಲನ್ನ ಇವರ ಕೈಗೆ ಕೊಡಿ. ಸ್ವಲ್ಪ ನಡೆದು ತೋರಿಸಿ" ಎಂದರು.

ಭಟ್ಟರು ನಡೆದರು. ಮೇಜಿನ ಅಂಚಿಗೆ ಬೆರಳು ತಾಗಿಸಿಕೊಂಡು, ಅಲ್ಲಿಂದ ಕಬ್ಬಿಣದ ಕಪಾಟಿಗೆ, ಕಪಾಟಿನಿಂದ ಕಿಟಕಿಯ ಕಟ್ಟೆಗೆ, ಒಲೆಯ ಸುತ್ತ ಓಡಾಡುತ್ತಿದ್ದ ಹಾಗೇ, ಎಷ್ಟು ಚೆಂದ ನಡೆದರೆಂದರೆ ನಾನು ಕಣ್ಣು ಮುಚ್ಚಿಕೊಂಡೆ. ಇಷ್ಟು ದಿನದ ಓಡಾಟ ಅಲ್ಲೇ ನೀರುಪಾಲಾಯಿತು ಎಂದುಕೊಂಡೆ. ಯಾರ ಮುಂದೆಯೂ ಬೀಳಬಾರದು ಎಂದು ಕಲಿತ ದೇಹ ಅದು. ಬಿದ್ದು ತೋರಿಸು ಎಂದರೆ ಅದಕ್ಕೆ ಬರುವುದಿಲ್ಲ.

"ಕೈ ಬಿಡಿ ಅಜ್ಜಾ" ಎಂದರು ಆ ಡಾಕ್ಟರು. "ಏನನ್ನೂ ಮುಟ್ಟದೆ ನನ್ನ ಕಡೆಗೆ ಬನ್ನಿ."

ಭಟ್ಟರು ಕಿಟಕಿಯ ಕಟ್ಟೆಯಿಂದ ಕೈ ತೆಗೆದರು. ಒಂದು ಹೆಜ್ಜೆ ಬಂದಿತು. ಎರಡನೆಯದು ಎಡಗಾಲಿನದು, ಅದು ಬರಲಿಲ್ಲ. ನಾನು ಹಾರಿ ಹಿಡಿದುಕೊಳ್ಳುವಷ್ಟರಲ್ಲಿ ಅವರು ನನ್ನನ್ನೂ ಎಳೆದುಕೊಂಡು ನೆಲಕ್ಕೆ ಕುಸಿದರು. ಬಿದ್ದಲ್ಲಿಂದಲೇ ಭಟ್ಟರು ಸುತ್ತ ನೋಡಿ, "ಏನೂ ಚೆಲ್ಲಲಿಲ್ಲ ತಾನೇ?" ಎಂದರು.

ಆ ಹೆಣ್ಣುಮಗಳು ಎದ್ದು ಬಂದು ತಾವೇ ಅವರ ಇನ್ನೊಂದು ತೋಳು ಹಿಡಿದರು. ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ಬಹಳ ಹೊತ್ತು ಒತ್ತಿ, ಎತ್ತಿ, ಸೂಜಿ ಚುಚ್ಚಿ ನೋಡಿದರು. ಮೂವರೂ ತಮ್ಮೊಳಗೆ ಮಾತಾಡಿಕೊಂಡರು. ಆಮೇಲೆ, "ಇನ್ನು ನೀವು ಬರಬೇಕಾಗಿಲ್ಲ ಅಜ್ಜಾ. ಶಾಶ್ವತ ಅಂತ ಬರೀತೀವಿ" ಎಂದರು. ಭಟ್ಟರು ಕೈ ಮುಗಿದರು.

ನನಗೆ ಕುಣಿಯುವಷ್ಟು ಸಂತೋಷವಾಗಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಸಮನೆ ಮಾತಾಡಿದೆ. ಭಟ್ಟರು ಕಿಟಕಿಯಾಚೆ ನೋಡುತ್ತಿದ್ದರು. ಅರ್ಧ ದಾರಿಯಲ್ಲಿ ಕೇಳಿದರು:

"ಇವಳಿಗೆ ಹೇಗೆ ಹೇಳೋದು ಮೇಷ್ಟ್ರೇ?"

"ಏನನ್ನ?"

"ಶಾಶ್ವತ ಅಂತ."

ನನಗೆ ಅರ್ಥವಾಗಲಿಲ್ಲ. ಆಗ ಅವರು ಹೇಳಿದರು. ಮೊದಲ ಸಲ ಮೂರು ವರ್ಷ ಎಂದು ಬರೆದುಕೊಟ್ಟಾಗ, ಅಕ್ಕ ಅದನ್ನು ಮಾಸಾಶನದ ಅವಧಿ ಎಂದು ತಿಳಿಯಲಿಲ್ಲವಂತೆ. ಕಾಯಿಲೆಯ ಅವಧಿ ಎಂದುಕೊಂಡರಂತೆ. ಮೂರು ವರ್ಷದಲ್ಲಿ ಕಾಲು ಸರಿಹೋಗುತ್ತದೆ ಎಂದು ಡಾಕ್ಟರೇ ಸೀಲು ಹಾಕಿ ಕೊಟ್ಟಿದ್ದಾರೆ ಎಂದು, ಅವತ್ತಿನಿಂದ ದಿನವೂ ದೇವರಿಗೆ ಒಂದು ತುಪ್ಪದ ದೀಪ ಹೆಚ್ಚಿಗೆ. ಎರಡನೆಯ ಸಲವೂ ಮೂರು ವರ್ಷ ಎಂದಾಗ, "ಸ್ವಲ್ಪ ಮುಂದಕ್ಕೆ ಹೋಯ್ತು ಅಷ್ಟೆ" ಎಂದು ಮತ್ತೆ ದೀಪ.

"ಹಾಗಲ್ಲ ಅಂತ ನೀವು ಹೇಳಲಿಲ್ವಾ?"

"ಹೇಳೋಣ ಅಂತಲೇ ಇದ್ದೆ." ನನ್ನ ಕಡೆ ತಿರುಗದೆಯೇ ಹೇಳಿದರು, "ದಿನಾ ಆ ದೀಪ ನೋಡ್ತಾ ನೋಡ್ತಾ ನಾನೂ ಸ್ವಲ್ಪ ನಂಬಿದ್ದೆ ಅನ್ನಿ. ಓಡಾಡಿ ಸಾಕಾಯ್ತು. ಅದಕ್ಕೇ ಮುಗಿಸಿಬಿಡೋಣ ಅಂತ ಹಟ ಹಿಡ್ದೆ. ಮುಗೀತು ನೋಡಿ."



ಮನೆಯ ಮುಂದೆ ಕೋಲನ್ನು ಗೋಡೆಗೆ ಒರಗಿಸಿ, ಚೌಕಟ್ಟು ಹಿಡಿದು ಅವರು ಒಳಗೆ ಹೋದರು. ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದರು. "ಏನಂದ್ರು? ಎಷ್ಟು ವರ್ಷ ಅಂದ್ರು?"

"ಇನ್ನು ಹೋಗ್ಬೇಕಾಗಿಲ್ಲ ಮಾರಾಯ್ತಿ" ಎಂದರು ಭಟ್ಟರು. "ಇದು ಹೀಗೇ ಅಂತ ಬರ್ದುಕೊಟ್ರು."

ಆಕೆ ಅವರ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ಹೀಗೇ ಅಂದ್ರೆ?"

"ಹೀಗೇ."

ಅಕ್ಕ ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಎರಡು ಲೋಟ ಕಾಫಿ ಬಂತು. ಅಡುಗೆ ಭಟ್ಟರ ಮನೆಯಲ್ಲಿ, ಸಕ್ಕರೆ ಹಾಕಲು ಮರೆತ ಕಾಫಿಯನ್ನು ನಾನು ಕುಡಿದದ್ದು ಅದೊಂದೇ ಸಲ. ಭಟ್ಟರೂ ಸುಮ್ಮನೆ ಕುಡಿದರು.

ಕೆಲವು ದಿನ ಕಳೆದ ಮೇಲೆ ನಾನು ಅವರ ಮನೆಗೆ ಹೋದಾಗ, ಹೊರಗೆ ಕೋಲಿತ್ತು. ಒಳಗೆ, ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ಇನ್ನೊಂದು ಕೋಲಿತ್ತು. ಹೊಸ ಬೆತ್ತದ್ದು. ಅಕ್ಕನೇ ಪೇಟೆಗೆ ಹೋಗಿ ತಂದು, ಬಾವಿಕಟ್ಟೆಯಲ್ಲಿ ತೊಳೆದು, ಅರಿಶಿನ ಹಚ್ಚಿ ಒಣಗಿಸಿದ್ದರು. "ಅದು ಹೊರಗಿನದು. ಇದು ಒಳಗಿನದು. ಇದಕ್ಕೆ ಬೀದಿ ಗೊತ್ತಿಲ್ಲ" ಎಂದರು ನನಗೆ, ಪರಿಚಯ ಮಾಡಿಕೊಡುವವರ ಹಾಗೆ. ಭಟ್ಟರು ಆ ಕೋಲು ಊರಿಕೊಂಡು ಅಡುಗೆಮನೆಯಿಂದ ಬಂದರು. ಅವರು ಮನೆಯೊಳಗೆ ಕುಂಟುತ್ತಾ ನಡೆದದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ದೇವರ ಮುಂದೆ ಒಂದೇ ದೀಪ ಉರಿಯುತ್ತಿತ್ತು.

ಮಾಸಾಶನ ಮತ್ತೆ ಬರತೊಡಗಿತು, ತಡೆಯದೆ ಬಂತು. ಅವರು ಮತ್ತೆ ಶಿವಮೊಗ್ಗದ ಬಸ್ಸು ಹತ್ತಲಿಲ್ಲ. ಮಧ್ಯಾಹ್ನಗಳಲ್ಲಿ ನಾವು ಜಗಲಿಯಲ್ಲಿ ಕೂತು, ಯಾವ ಮದುವೆಯಲ್ಲಿ ಯಾವ ಬೀಗರು ಎಷ್ಟು ಹೋಳಿಗೆ ತಿಂದರು ಎಂದು ಮಾತಾಡಿಕೊಳ್ಳುತ್ತಿದ್ದೆವು. ಹೀಗಿರುವಾಗ ಒಂದು ಬೆಳಗ್ಗೆ ಅವರು ಏಳಲೇ ಇಲ್ಲ.

ಮೊನ್ನೆ ಹೋಗಿದ್ದೆ. ಮೆಟ್ಟಿಲ ಪಕ್ಕದ ಗೋಡೆ ಖಾಲಿಯಿತ್ತು.

"ಹೊರಗಿನದನ್ನ ಕೊಟ್ಬಿಟ್ಟೆ ಮೇಷ್ಟ್ರೇ" ಎಂದರು ಅಕ್ಕ ಒಳಗಿನಿಂದಲೇ. "ತರಕಾರಿಯವಳ ಗಂಡನಿಗೆ ಬೇಕಿತ್ತಂತೆ. ಕೂತ್ಕೊಳ್ಳಿ, ಕಾಫಿ ತರ್ತೀನಿ."

ಅಡುಗೆಮನೆಯಿಂದ ಬರುವ ಸದ್ದು ಕೇಳಿ ನಾನು ಒಂದು ಕ್ಷಣ ಬೆಚ್ಚಿದೆ. ಟಕ್, ಆಮೇಲೆ ಹೆಜ್ಜೆ. ಟಕ್, ಆಮೇಲೆ ಹೆಜ್ಜೆ. ಅಕ್ಕ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಆ ಒಳಗಿನ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ನೋಡಿದ್ದನ್ನು ಅವರೂ ನೋಡಿದರು.

"ಮೊಣಕಾಲು ಸ್ವಲ್ಪ ಹಿಡ್ಕೊಂಡಿದೆ, ಅಷ್ಟೆ" ಎಂದರು. "ಸರಿಹೋಗುತ್ತೆ. ಆಮೇಲೆ ಇದನ್ನೂ ಯಾರಿಗಾದ್ರೂ ಕೊಟ್ಬಿಡ್ತೀನಿ."

ನಾನು ಎದ್ದು ಹೋಗಿ ಲೋಟ ತೆಗೆದುಕೊಂಡೆ. ಕಾಫಿಗೆ ಸಕ್ಕರೆ ಸರಿಯಾಗಿತ್ತು.